ಕರೆಂಟ್ ಹೋದಾಗಿನ ಪ್ರಶ್ನೆಗಳು

ಆ ಹಾಳಿ ನನ್ನ ಗಿರಣಿ ಗೋಡಿಗಿ ಅಂಟಿಸಿದಾಕಿ ಜಗದೇವಿ.
ಪ್ರಶ್ನೆ ಇಂಗ್ಲಿಷ್, ಅಕ್ಷರ ಕನ್ನಡ,
ನನಗ ಓದ್ಲಾಕ ಬರ್ಲಿ ಅಂತ.
ಒಟ್ಟು ನಲವತ್ತೊಂದು. ಉತ್ತರ ಒಂದೂ ಬರೆದಿಲ್ಲ.
'ಉತ್ತರ ನನ್ನ ತಲ್ಯಾಗ ಅದಾವ ಚಿಗವ್ವ,
ನೀ ಬರೇ ಕೇಳು.'

ಕಲಬುರ್ಗಿ ಬ್ಯಾಸಗಿ. ಹನ್ನೊಂದಕ್ಕ ಕರೆಂಟ್ ಹೋಗ್ತದ.
ಗಿರಣಿ ಬೆಲ್ಟು ಪೆಟ್ಟು ತಿಂದ ಹಾವಿನಂಗ
ಎರಡು ಸುತ್ತು ಹೊರಳಿ ನಿಲ್ತದ.
ಆಗ ಶುರು ನಮ್ಮ ಇಂಟರ್‌ವ್ಯೂ.
ಅಕಿ ಜ್ವಾಳದ ಚೀಲದ ಮ್ಯಾಲ
ಬೆನ್ನು ನೆಟ್ಟಗ ಮಾಡಿ ಕೂಡ್ತಾಳ,
ನಾ ಹಿಟ್ಟಿನ ಕೈ ಸೀರಿಗಿ ಒರೆಸಿ
ಕನ್ನಡಕ ಏರಿಸಿ ಸಾಹೇಬ್ರಾಗ್ತೀನಿ.

'ಟೆಲ್ ಮಿ ಅಬೌಟ್ ಯುವರ್ಸೆಲ್ಫ್.'
ಇದೊಂದು ನನಗೂ ತಿಳೀತದ.
ಅಕಿ ಪಟಪಟ ಹೇಳ್ತಾಳ:
ಡಿಪ್ಲೊಮಾ, ಪರ್ಸೆಂಟೇಜು, ಹವ್ಯಾಸ ಓದೋದು.
ಹವ್ಯಾಸ ಓದೋದು! ಸುಳ್ಳಿ.
ಅಕಿ ಹವ್ಯಾಸ ಮಾಳಗಿ ಮ್ಯಾಲ ಕೂತು
ಗೂಡ್ಸ್ ಗಾಡಿ ಡಬ್ಬಿ ಎಣಿಸೋದು,
ಯಾವ ದಿನ ಎಷ್ಟು ಡಬ್ಬಿ, ಯಾವ ಕಡಿಗಿ,
ಎಷ್ಟು ತಡ ಅಂತ ನೋಟ್‌ಬುಕ್ಕಿನಾಗ ಬರಿಯೋದು,
ಆರನೇತ್ತೆಯಿಂದ.
ಅದನ್ನ ಯಾಕ ಹೇಳಂಗಿಲ್ಲ? ಅಂದೆ.
'ನಗ್ತಾರ ಚಿಗವ್ವ.'
ನಗ್ಲಿ, ಅಂದೆ. ಸುಮ್ಮನಾದಳು.

'ವಾಟ್ ಈಸ್ ಡೆಡ್‌ಲಾಕ್?'
ಅಕಿ ಹೇಳಿದ್ದು ನನಗ ಹತ್ತಲಿಲ್ಲ.
ಸಾಲಿನಾಗ ಮೊದಲು ನಿಂತ ನೂರ್‌ಬೀ ಬಿಡಬೇಕಲ್ಲ:
ಅರೆ, ಕನ್ನಡದಾಗ ಹೇಳವ್ವ,
ಕರೆಂಟ್ ಬರೋ ತನಕ ನಮಗೇನ್ ಕೆಲಸ?
ಜಗದೇವಿ ತಡವರಿಸಿದಳು. ಆಮ್ಯಾಲ:
'ನನ್ನ ಸಾಣಗಿ ನಿನ್ನ ಕೈಯಾಗ,
ನಿನ್ನ ಮೊರ ನನ್ನ ಕೈಯಾಗ.
ನೀ ಮೊದಲು ಕೊಡು ಅಂತೀನಿ ನಾ,
ನೀ ಮೊದಲು ಅಂತಿ ನೀ.
ಇಬ್ಬರ ಜ್ವಾಳನೂ ಹಸನಾಗಂಗಿಲ್ಲ, ಸಂಜಿ ಆಗ್ತದ.'
ನೂರ್‌ಬೀ ಡಬ್ಬಿ ಬಡಿದು ನಕ್ಕಳು:
ಇದಕ್ಕೂ ಒಂದು ಹೆಸರು ಇಟ್ಟಾರೇನು?
ನಾನೂ ನನ್ನ ನಾದಿನಿ ಹನ್ನೊಂದು ವರ್ಷ
ಇದರಾಗೇ ಅದೀವಿ, ಒಂದು ಜೋಡಿ ಬೆಳ್ಳಿ ಕಡಗಕ್ಕ.
ಆಮ್ಯಾಲ ಅಕಿನೂ ಸುಮ್ಮನಾದಳು ಸ್ವಲ್ಪ ಹೊತ್ತು.

ಹದಿನೇಳನೇದು ಕೇಳಿದೆ.
ಜಗದೇವಿ ಕಾಲಿನ ಹೆಬ್ಬೆರಳು
ಚೀಲ ಕೆರೀಲಾಕತ್ತಿತು.
ಉತ್ತರ ನನಗ ಗೊತ್ತಿಲ್ಲ, ಹೆಬ್ಬೆರಳು ಗೊತ್ತು.
ಕಲ್ಲು ಆರಿಸದೆ ಕಾಳು ತಂದೋರು
ನನ್ನ ಮುಂದ ಹಿಂಗೇ ನಿಲ್ತಾರ.
'ಇದು ಬರಂಗಿಲ್ಲಲ್ಲ ನಿನಗ?'
'ಬರ್ತದ... ಅರ್ಧ.'
'ಬರಂಗಿಲ್ಲಾಂದ್ರ ಅವರಿಗಿ ಏನಂತಿ?'
ಅಕಿ ಗೋಡಿ ಮ್ಯಾಲಿನ ಹಾಳಿ ನೋಡಿದಳು.
ನಲವತ್ತೊಂದರಾಗ ಆ ಪ್ರಶ್ನೆ ಇರ್ಲಿಲ್ಲ.

ಬ್ಯಾಂಕಿನಾಗ, ಕರೆಂಟ್ ಆಫೀಸಿನಾಗ,
ಗಂಡ ಹೋದ ಮ್ಯಾಲ ತಹಸೀಲಿನಾಗ
ಆ ಮಾತು ನಾ ಎಷ್ಟು ಸಲ ಅಂದೀನಿ:
ಗೊತ್ತಿಲ್ರೀ.
ನೆಲ ನೋಡ್ಕೋತ, ಸೆರಗು ತಿರುವ್ಕೋತ,
ಏನೋ ಕದ್ದು ಸಿಕ್ಕವರಂಗ.
ನನ್ನಂಗ ಅನಬ್ಯಾಡ, ಅಂದೆ.
ತಕ್ಕಡ್ಯಾಗ ಕೇಜಿ ಕಲ್ಲು ಇಡ್ತೀವಲ್ಲ,
ಹಂಗ ಇಡು.

ಮೊದಲ ಸಲ ದನಿ ಒಡೀತು.
ಎರಡನೇ ಸಲ ಸಿಟ್ಟು ಬಂತು, ನನ್ನ ಮ್ಯಾಲೇ.
ಮೂರನೇದಕ್ಕ ನಕ್ಕುಬಿಟ್ಟಳು,
ಸಾಲಿನಾಗಿನ ಹೆಂಗಸರೂ ನಕ್ಕರು.
ಎಷ್ಟನೇ ಸಲಕ್ಕೋ,
ಹೆಬ್ಬೆರಳು ಅಲ್ಲಾಡದೆ,
'ಇದು ನನಗ ಗೊತ್ತಿಲ್ಲ ಸರ್.'
ಅಷ್ಟೇನಾ? ಅಂದಳು ನೂರ್‌ಬೀ. ಮುಂದ ಏನಿಲ್ಲ?
'ಅಷ್ಟೇ.'
ನೂರ್‌ಬೀ ಗೋಣು ಹಾಕಿದಳು.

ಸೋಮವಾರ, ಹತ್ತೂವರಿಗಿ,
ಸೇಡಂ ರೋಡಿನ ಹೊಸ ಆಫೀಸು, ಎರಡನೇ ಮಾಳಗಿ.
ಹಾಕ್ಕೊಂಡು ಹೋಗೋ ಕುರ್ತಾ ಇನ್ನೂ ದರ್ಜಿ ಹಂತೇಕ ಅದ.
ಇದೆಲ್ಲಾ ಹೇಳಬೇಕಂತ ಬಾಯಿ ತೆರೆದಳು,
ಕರೆಂಟ್ ಬಂತು.
ಬೆಲ್ಟು ಜೀವ ಹಿಡೀತು, ತಗಡು ನಡುಗಿದವು,
ಅಕಿ ತುಟಿ ಅಲ್ಲಾಡಿದ್ದು ಕಾಣಿಸ್ತು, ಮಾತು ಕೇಳಲಿಲ್ಲ.
ಹುಬ್ಬಿನ ಮ್ಯಾಲ ಹಿಟ್ಟು ಕುಂತಿತ್ತು.

ಹದಿನೆಂಟಕ್ಕ ಪೆನ್ಸಿಲ್ ಗುರ್ತು ಹಾಕಿ
ನೂರ್‌ಬೀ ಡಬ್ಬಿ ಎತ್ತಿದೆ.